ಕಾಟಾದಕ್ಕ ನೀರಿಳಿಸಿದ್ದು

ಕನ್ನಡದಲ್ಲಿ ಒಂದು ದೀರ್ಘ ಕೈಕೊಟ್ಟರೆ ಮರ್ಯಾದಸ್ಥ ಹೆಂಗಸೊಬ್ಬಳ ಬಗ್ಗೆ ಎಂಥ ಅಪಚಾರವಾಗಬಹುದು ಎಂಬುದಕ್ಕೆ ನಾನೇ ಸಾಕ್ಷಿ. ಟೈರ್ ಅಂಗಡಿಯ ಮೇಲಿನ ಕೋಣೆಗೆ ನಾನು ಬಾಡಿಗೆಗೆ ಬಂದ ಹೊಸತು. ಕೆಳಗೆ ಪಂಕ್ಚರ್ ಹಾಕಿಸಲು ನಿಂತ ಲಾರಿ ಡ್ರೈವರುಗಳ ಮಾತು ಟಿಕೆಟ್ಟಿಲ್ಲದ ನಾಟಕದಂತೆ ನನ್ನ ಕಿಟಕಿಗೆ ಏರಿ ಬರುತ್ತಿತ್ತು.

"ಕಾಟದಕ್ಕ ಇವತ್ತೂ ತಡೆದು ನಿಲ್ಲಿಸಿಬಿಟ್ಲಪ್ಪಾ."

"ಅವಳ ಹತ್ರ ನಿನ್ನ ಬೇಳೆ ಬೇಯಲ್ಲ ಅಂತ ಮೊದಲೇ ಹೇಳಿದ್ದೆ."

ಯಾವಳೋ ಒಬ್ಬಳು ದಾರಿಹೋಕರಿಗೆಲ್ಲ ಕಾಟ ಕೊಡುತ್ತಾಳೆ, ಆ ಕಾಟದ ಖ್ಯಾತಿ ಅವಳ ಹೆಸರಿಗೇ ಅಂಟಿಕೊಂಡಿದೆ ಎಂದು ನಾನು ತೀರ್ಮಾನಿಸಿದೆ. ಕೆಲವೇ ದಿನಗಳಲ್ಲಿ ಆಕೆ ನಮ್ಮ ಟೈರ್ ಅಂಗಡಿಯ ಯಜಮಾನರ ಹೆಂಡತಿ ಎಂದು ತಿಳಿಯಿತು. ಯಜಮಾನರೋ ಗಾಳಿ ಬಿಟ್ಟ ಟ್ಯೂಬಿನಷ್ಟು ಸೌಮ್ಯ ಮನುಷ್ಯ. ನನ್ನ ಕರುಳು ಚುರುಕ್ಕೆಂದಿತು. ಒಂದು ಬೆಳಿಗ್ಗೆ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, "ಸಂಸಾರ ಅಂದ್ಮೇಲೆ ಕಾಟ ಇದ್ದದ್ದೇ, ಮನಸ್ಸಿಗೆ ಹಚ್ಕೋಬೇಡಿ" ಎಂದೆ.

ಅವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದರು. "ಯಾರ ಕಾಟ ಸಾರ್?"

"ಅದೇ... ಕಾಟದಕ್ಕನವರದು."

ಯಜಮಾನರು ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು. "ಅಯ್ಯೋ! ಕಾಟ ಅಲ್ಲ ಸಾರ್, ಕಾಟಾ. ದೀರ್ಘ ಎಳೀಬೇಕು. ಲಾರಿ ತೂಗೋ ಕಾಟಾ ಇಲ್ವಾ, ಗೋಡೌನ್ ಬೀದಿ ಕೊನೇಲಿ? ಅಲ್ಲಿ ಕೂರೋದು ಅವಳೇ." ಆಮೇಲೆ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, "ಆದ್ರೆ ನೀವು ಹೇಳಿದ್ದೂ ಪೂರ್ತಿ ತಪ್ಪಲ್ಲ ಬಿಡಿ" ಎಂದು ಮತ್ತೆ ಗುಳ್ಳೆ ಹುಡುಕತೊಡಗಿದರು.

ಗೋಡೌನ್ ಬೀದಿಯ ಕೊನೆಯಲ್ಲಿ ನೆಲಕ್ಕೆ ಸಮನಾಗಿ ಹಾಸಿದ ಉದ್ದನೆಯ ಕಬ್ಬಿಣದ ಹಲಗೆಯೇ ಆ ಕಾಟಾ. ಲಾರಿ ಅದರ ಮೇಲೆ ಏರಿ ನಿಂತರೆ ಪಕ್ಕದ ಸಣ್ಣ ಕೋಣೆಯೊಳಗೆ ಕೆಂಪು ಅಂಕಿಗಳು ಕುಣಿದು ಕುಣಿದು ಒಂದು ಕಡೆ ನಿಲ್ಲುತ್ತವೆ. ಸರಕು ತುಂಬಿದಾಗ ಒಂದು ತೂಕ, ಇಳಿಸಿ ಬಂದಾಗ ಖಾಲಿ ಲಾರಿಯದು ಇನ್ನೊಂದು ತೂಕ. ಎರಡರ ನಡುವಿನ ವ್ಯತ್ಯಾಸವೇ ಸರಕು. ಲೆಕ್ಕ ಇಷ್ಟೇ. ಆದರೆ ಲೆಕ್ಕ ಸುಲಭವಿದ್ದಷ್ಟೂ ಮನುಷ್ಯನ ತಲೆ ಚುರುಕಾಗುತ್ತದೆ. ಗುಜರಿ ಕಬ್ಬಿಣ ತರುವ ಕೆಲವು ಮಹಾಶಯರು ಲಾರಿಯ ಹೊಟ್ಟೆಯಡಿ ನೀರಿನ ಡ್ರಮ್ ಕಟ್ಟಿರುತ್ತಿದ್ದರು. ತುಂಬಿದ ಲಾರಿ ತೂಗುವಾಗ ಡ್ರಮ್ ಭರ್ತಿ. ಖಾಲಿ ಲಾರಿ ತೂಗುವ ಮೊದಲು ದಾರಿಯಲ್ಲಿ ನೀರು ಇಳಿಸಿ ಬರುವುದು. ಕುಡಿಯುವ ನೀರನ್ನು ಕಬ್ಬಿಣದ ಬೆಲೆಗೆ ಮಾರುವ ಈ ವಿದ್ಯೆ ಬೇರೆ ಎಲ್ಲ ಕಾಟಾಗಳಲ್ಲೂ ನಡೆಯುತ್ತಿತ್ತು. ಇಲ್ಲಿ ಮಾತ್ರ ಕಾಟಾದಕ್ಕ ಕುರ್ಚಿಯಿಂದ ಎದ್ದು ಬಂದು, ಬಗ್ಗಿ, ಒದ್ದೆ ಡ್ರಮ್ಮನ್ನು ಬೆರಳಿಂದ ತಟ್ಟಿ, "ನೀರಿಳಿಸಿ ಬಂದಿದ್ದೀಯ. ಹೋಗಿ ತುಂಬಿಸ್ಕೊಂಡು ಬಾ" ಎನ್ನುತ್ತಿದ್ದಳು. ತಕರಾರು ಎದ್ದರೆ ಅದು ಮುಗಿಯುವವರೆಗೆ ಲಾರಿ ಹಲಗೆಯಿಂದ ಇಳಿಯುವಂತಿಲ್ಲ. ಅದು ಅಲ್ಲಿಯ ಕಾನೂನು. ಹಿಂದಿನ ಲಾರಿಗಳೆಲ್ಲ ಹಾರನ್ ಹೊಡೆಯುತ್ತ ನಿಂತಿರುತ್ತಿದ್ದವು, ಅಕ್ಕ ನೆಮ್ಮದಿಯಾಗಿ ಟೀ ಕುಡಿಯುತ್ತಿದ್ದಳು.

ಅಕ್ಕನದು ದೊಡ್ಡ ಶರೀರ. ಸುತ್ತಿ ಬಳಸಿ ಹೇಳುವುದು ಆಕೆಗೇ ಇಷ್ಟವಿಲ್ಲ. ಊರಿಗೆಲ್ಲ ತೂಕ ಹೇಳುವವಳಿಗೆ ಊರೆಲ್ಲ ತೂಕ ಇಳಿಸುವ ದಾರಿ ಹೇಳುತ್ತಿತ್ತು. ಸೊಂಟಕ್ಕೆ ಕಟ್ಟಿಕೊಂಡು ಕರೆಂಟು ಕೊಟ್ಟರೆ ನಡುಗುವ ಪಟ್ಟಿ, ನೀರಲ್ಲಿ ಕದಡಿ ಕುಡಿಯುವ ಪುಡಿ, ಬರೀ ನಿಂಬೆಹಣ್ಣಿನ ಮೇಲೆ ಬದುಕುವ ಕ್ರಮ. ಕಾಟಾದ ಕೋಣೆಗೆ ಬಂದ ಇಂಥ ಉಪದೇಶಕರಿಗೆಲ್ಲ ಆಕೆಯದು ಒಂದೇ ಉತ್ತರ: "ಆ ಪ್ರಯೋಗ ಆಗಿದೆ. ಮುಂದೆ ಹೋಗಿ." ನಿಜವಾಗಿಯೂ ಆಗಿತ್ತು. ಮದುವೆಗೆ ಮುಂಚೆ ಅತ್ತಿಗೆಯೊಬ್ಬಳು ಯಾವುದೋ ಕಪ್ಪು ಕಷಾಯ ತಂದುಕೊಟ್ಟು ಊಟ ಬಿಡಿಸಿದ್ದಳು. "ನಾನು ಸಣ್ಣಗಾದೆನೋ ಇಲ್ವೋ, ನನ್ನ ಜಡೆ ಮಾತ್ರ ಇಲಿಬಾಲ ಆಯ್ತು. ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದು ಮುಂದಿನ ಹಲ್ಲು ಹೋಯ್ತು. ಹಲ್ಲಿನ ತೂಕ ಎಷ್ಟಿರುತ್ತೆ ಹೇಳಿ? ಅಷ್ಟು ಇಳೀತು."

ಇಷ್ಟೆಲ್ಲ ಗೊತ್ತಿದ್ದವಳು ಮಗಳ ವಿಷಯದಲ್ಲಿ ಏಮಾರಿದ್ದು ಹೇಗೆ ಎಂದರೆ, ಹೊಗಳಿಕೆಯಿಂದ. ಹೊಗಳಿಕೆಗೆ ಕಾಟಾ ಇನ್ನೂ ಬಂದಿಲ್ಲ.

ಮಗಳನ್ನು ಎಲ್ಲರೂ ಕರೆಯುತ್ತಿದ್ದುದು ಸ್ಪ್ರಿಂಗು ಎಂದು. ಕೂತಲ್ಲಿ ಕೂರದ ಹುಡುಗಿ. ಟೈರುಗಳ ರಾಶಿಯ ಮೇಲೆ ಜಿಗಿದಾಡಿ ಬೆಳೆದವಳು ಕಾಲೇಜಿಗೆ ಸೇರುವ ಹೊತ್ತಿಗೆ ಕುಸ್ತಿ ಸಂಘದ ಹಾಲಿನಲ್ಲಿ ತನಗಿಂತ ದಪ್ಪ ಹುಡುಗಿಯರನ್ನು ಎತ್ತಿ ಚಾಪೆಗೆ ಹಾಕುತ್ತಿದ್ದಳು. ಆ ಸಂಘದ ತರಬೇತುದಾರರನ್ನು ಸೀಟಿ ಮೇಷ್ಟ್ರು ಎನ್ನುತ್ತಿದ್ದರು. ಸೀಟಿ ಅವರ ಕೊರಳಲ್ಲಿ ಸದಾ ಇರುತ್ತಿತ್ತು, ಮಾತಿನ ನಡುವೆ ಪೂರ್ಣವಿರಾಮ ಬೇಕಾದಾಗ ಊದುತ್ತಿದ್ದರು. ಹಾಲಿನ ಬಾಗಿಲ ಮೇಲಿನ ಬ್ಯಾನರಿನಲ್ಲಿ ಪದಕ ಗೆದ್ದ ಹುಡುಗಿಯರ ಮುಖ ಬಟಾಣಿಯಷ್ಟು, ಮೇಷ್ಟ್ರ ಮುಖ ಕುಂಬಳಕಾಯಿಯಷ್ಟು.

ಅಂಥ ಮೇಷ್ಟ್ರು ಒಂದು ದಿನ ಟೈರ್ ಅಂಗಡಿಯ ತನಕ ನಡೆದು ಬಂದು, "ತಾಯೀ, ನಿಮ್ಮನೇಲಿ ಪದಕ ಬೆಳೀತಾ ಇದೆ, ಗೊತ್ತಾ?" ಎಂದರು. ಅಕ್ಕನ ಮುಖ ದೀಪವಾಯಿತು. ವಿಷಯ ಏನೆಂದರೆ ಕುಸ್ತಿಯಲ್ಲಿ ತೂಕದ ಪ್ರಕಾರ ವಿಭಾಗಗಳು. ಸ್ಪ್ರಿಂಗು ಉಂಡು ತಿಂದು ಓಡಾಡಿಕೊಂಡಿದ್ದಾಗ ಐವತ್ತೇಳು ಕಿಲೋ. ಆ ವಿಭಾಗದಲ್ಲಿ ಸಂಘದಿಂದ ಒಬ್ಬಳೇ ಹೋಗಬಹುದು, ಆ ಒಬ್ಬಳು ಅಧ್ಯಕ್ಷರ ತಮ್ಮನ ಮಗಳು. ಅಧ್ಯಕ್ಷರು ಎಂದರೆ ಸೋಫಾ ಅಂಗಡಿಯ ಮಾಲೀಕರು. ಹಾಲಿಗೆ ಹೊಸ ಚಾಪೆ ಹಾಕಿಸಿಕೊಟ್ಟವರು. ಐವತ್ತಮೂರರ ವಿಭಾಗ ಖಾಲಿ ಬಿದ್ದಿತ್ತು. "ನಾಲ್ಕು ಕಿಲೋ ತಾಯೀ. ನಾಲ್ಕೇ. ಅಷ್ಟು ಇಳಿಸಿದ್ರೆ ಇವಳನ್ನ ಹಿಡಿಯೋರೇ ಇಲ್ಲ. ಸ್ವಲ್ಪ ಊಟದಲ್ಲಿ ಕೈ ಬಿಗಿ ಮಾಡಿ."

ಅಕ್ಕ ಕೈ ಬಿಗಿ ಮಾಡಿದಳು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಮಗಳ ತಟ್ಟೆಗೆ ತುಪ್ಪ ಹಾಕಲು ಹೋದ ಗಂಡನ ಕೈ ಹಿಡಿದು, "ರೀ, ಪದಕಕ್ಕೆ ಅಡ್ಡ ಬರಬೇಡಿ" ಎಂದು ಗದರಿದ್ದನ್ನು ನಾನೇ ಕೇಳಿದ್ದೇನೆ.

ಮೊದಲು ಒಂದಿಷ್ಟು ಇಳಿಯಿತು. ಆಮೇಲೆ ಇಳಿಯುವುದು ನಿಂತಿತು. ಆಮೇಲೆ ಮತ್ತೆ ಇಳಿಯತೊಡಗಿತು, ಈ ಸಲ ಸರಸರನೆ. ಹುಡುಗಿಯ ಕೆನ್ನೆ ಒಳಗೆ ಹೋಯಿತು, ತುಟಿ ಒಡೆಯಿತು. ಯಾರು ಏನು ಕೇಳಿದರೂ ಸಿಡುಕು. ಮುಸ್ಸಂಜೆಯಾದರೆ ಚೀಲ ಹೆಗಲಿಗೇರಿಸಿ ಬೇಕರಿಯ ಹಿತ್ತಲಿನ ಕಡೆ ಮಾಯ. ಊಟ ಬೇಡ, ಮಾತು ಬೇಡ, ಕನ್ನಡಿ ಮುಂದೆ ನಿಂತರೆ ಬರುವುದಿಲ್ಲ. ಇಷ್ಟು ಲಕ್ಷಣಗಳನ್ನು ಒಟ್ಟು ಮಾಡಿ ಯಾವ ತಾಯಿಯಾದರೂ ಬರುವ ತೀರ್ಮಾನಕ್ಕೇ ಅಕ್ಕನೂ ಬಂದಳು.

"ಬೇಕರಿಯವನ ತಮ್ಮ" ಎಂದಳು ಗಂಡನಿಗೆ. "ಆ ಗಡ್ಡದವನು. ನನಗೆ ಮೊದಲೇ ಅನುಮಾನ ಇತ್ತು. ಬಿಸಿ ಬನ್ನು ಕೊಟ್ಟು ಕೊಟ್ಟು ಹುಡುಗೀನ ಬುಟ್ಟಿಗೆ ಹಾಕ್ಕೊಂಡಿದ್ದಾನೆ."

"ಬನ್ನು ತಿಂದಿದ್ರೆ ಅವಳು ಹೀಗೆ ಒಣಗ್ತಿದ್ಲಾ?" ಎಂದರು ಯಜಮಾನರು. ಅವರ ಬಾಯಿಂದ ಅಪರೂಪಕ್ಕೆ ಬಂದ ತರ್ಕಬದ್ಧ ಮಾತು. ಯಾರೂ ಗಮನಿಸಲಿಲ್ಲ.

ಪ್ರೇಮಿಗಳನ್ನು ಹಿಡಿಯಲು ಹೊರಟ ದಂಡಿನಲ್ಲಿ ಅಕ್ಕ ಮುಂದೆ, ಯಜಮಾನರು ನಡುವೆ, ಬೇಡ ಬೇಡವೆಂದರೂ ಎಳೆಸಿಕೊಂಡು ಹೋದ ನಾನು ಹಿಂದೆ. ಬೇಕರಿಯ ಹಿಂದೆ ಒಲೆಯ ಗೋಡೆಗೆ ತಗುಲಿದಂತೆ ತಗಡಿನ ಒಂದು ಶೆಡ್ಡು, ಒಲೆಯ ಕಾವೆಲ್ಲ ಅಲ್ಲೇ ಸೇರಿ ಕುದಿಯುವ ಜಾಗ. ಒಳಗಿಂದ ಧಪ್ ಧಪ್ ಎಂಬ ಸದ್ದು. ಅಕ್ಕ ಬಾಗಿಲು ಒದ್ದಳು.

ಗಡ್ಡದವನಿರಲಿಲ್ಲ. ಒಬ್ಬಳೇ ಸ್ಪ್ರಿಂಗು. ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತಲೆಗೊಂದು ಕೈಗೆರಡು ತೂತು ಮಾಡಿ ತೊಟ್ಟುಕೊಂಡು, ಅದರ ಮೇಲೆ ಉಣ್ಣೆಯ ಸ್ವೆಟರ್ ಹಾಕಿಕೊಂಡು, ಕೆಂಡದಂಥ ಗೋಡೆಯ ಪಕ್ಕ ಹಗ್ಗ ಜಿಗಿಯುತ್ತಿದ್ದಾಳೆ. ಬಾಯಲ್ಲಿ ಚ್ಯೂಯಿಂಗ್ ಗಮ್. ಕಾಲ ಬಳಿ ಒಂದು ಬಾಟಲಿ. ನಡುನಡುವೆ ನಿಂತು ಅದರೊಳಕ್ಕೆ ಎಂಜಲು ಉಗಿಯುವುದು, ಮತ್ತೆ ಜಿಗಿಯುವುದು. ಎಂಜಲಿಗೂ ತೂಕವಿದೆಯಂತೆ, ಅದನ್ನೂ ಬಿಡಬಾರದಂತೆ.

"ಇದೇನೇ ಇದು?" ಎಂದಳು ಅಕ್ಕ. ದನಿ ಎಷ್ಟು ಸಣ್ಣಗಿತ್ತೆಂದರೆ ನನಗೆ ಗುರುತೇ ಸಿಗಲಿಲ್ಲ.

"ಮೇಷ್ಟ್ರು ಹೇಳಿದ್ದು. ಬೆವರಿಳಿಸ್ಬೇಕು. ನಿನ್ನೆ ಮಧ್ಯಾಹ್ನದಿಂದ ನೀರು ಕುಡಿದಿಲ್ಲ. ಹೋಗಮ್ಮಾ, ಬಾಗಿಲು ತೆಗೆದ್ರೆ ತಣ್ಣಗಾಗುತ್ತೆ."

ಅಕ್ಕ ಆ ಪ್ಲಾಸ್ಟಿಕ್ ಚೀಲವನ್ನು ಕೊರಳ ಬಳಿ ಹಿಡಿದು ಒಂದೇ ಸಲಕ್ಕೆ ಸೀಳಿದಳು. ಒಳಗಿಂದ ಬೆವರು ಬಕೆಟ್ ಬೋರಲು ಹಾಕಿದಂತೆ ಸುರಿಯಿತು. ಆಕೆ ಆ ಒದ್ದೆ ನೆಲ ನೋಡಿದಳು, ಮಗಳ ಮುಖ ನೋಡಿದಳು. "ಪ್ರೀತಿ ಗೀತಿ ಮಾಡಿದ್ರೆ ಎಷ್ಟು ಚೆನ್ನಾಗಿರ್ತಿತ್ತೇ" ಎಂದಳು.

ಮಾರನೆಯ ಬೆಳಿಗ್ಗೆ ಸಂಘದ ಹಾಲಿಗೆ ಹೋದಾಗ ಮೇಷ್ಟ್ರು ಕೆಲವು ಹುಡುಗಿಯರಿಗೆ ಓಟ ಕಲಿಸುತ್ತ ತಾವು ಕುರ್ಚಿಯಲ್ಲಿ ಕೂತಿದ್ದರು. ಅಕ್ಕನ ಮಾತು ಪೂರ್ತಿ ಕೇಳಿ, ಕ್ಷಮಿಸುವ ದೊಡ್ಡಸ್ತಿಕೆಯಿಂದ ನಕ್ಕರು.

"ತಾಯೀ, ಇದು ದೊಡ್ಡ ಶಾಸ್ತ್ರ. ತೂಗೋ ಹೊತ್ತಿಗೆ ನೀರಿಳಿಸೋದು, ತೂಗಿದ ಮೇಲೆ ಕುಡಿಯೋದು. ಎಲ್ಲ ಕಡೆ ಮಾಡ್ತಾರೆ."

"ಹೌದಾ? ನಮ್ಮ ಕಾಟಾದಲ್ಲೂ ಮಾಡ್ತಾರೆ ಮೇಷ್ಟ್ರೆ. ಅಲ್ಲಿ ಅದಕ್ಕೆ ಕಳ್ಳತನ ಅಂತೀವಿ. ಇಲ್ಲಿ ಏನಂತೀರಿ?"

ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟು ಮತ್ತೆ ತೆಗೆದರು. "ಲಾರಿ ಬೇರೆ, ಮನುಷ್ಯ ಬೇರೆ."

"ಅದನ್ನೇ ನಾನು ಹೇಳ್ತಾ ಇರೋದು. ಲಾರಿಯಿಂದ ನೀರಿಳಿಸಿದ್ರೆ ಲಾರಿಗೆ ಏನೂ ಆಗಲ್ಲ."

"ನಮ್ಮ ಕಾಲದಲ್ಲಿ ನಾವೂ ಹೀಗೇ ಇಳಿಸಿದ್ದು. ಕಂಬಳಿ ಸುತ್ಕೊಂಡು ಮಲಗ್ತಿದ್ವಿ. ನಾನು ಸತ್ತಿಲ್ವಲ್ಲ?"

"ಸತ್ತವರು ಬಂದು ಹೇಳಲ್ಲ ಮೇಷ್ಟ್ರೆ."

ಅಷ್ಟು ಹೇಳಿ ಮಗಳ ಕೈ ಹಿಡಿದಳು. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಕೈ ಬಿಡಿಸಿಕೊಂಡದ್ದು ಮಗಳೇ. ಎಲ್ಲರೆದುರಿಗೆ, ಒಡೆದ ತುಟಿಯಲ್ಲಿ, "ನಿನಗೆ ಇಳಿಸೋಕಾಗಿಲ್ಲ ಅಂತ ನಾನೂ ಇಳಿಸ್ಬಾರ್ದಾ?" ಎಂದುಬಿಟ್ಟಳು. ಹಾಲಿನಲ್ಲಿ ಓಡುತ್ತಿದ್ದವರೆಲ್ಲ ನಿಂತರು. ಲಾರಿ ಡ್ರೈವರುಗಳ ಬೈಗುಳ ಕೇಳಿ ಕೇಳಿ ಕಿವಿ ಗಟ್ಟಿಯಾದ ಹೆಂಗಸು ಆ ಒಂದು ಮಾತಿಗೆ ತಿರುಗಿ ಹೊರಗೆ ಬಂದಳು.

ಮನೆಯಲ್ಲಿ ಹೊಸ ಕರಾರಾಯಿತು: ಪ್ಲಾಸ್ಟಿಕ್ ಇಲ್ಲ, ಬೇಕರಿ ಶೆಡ್ ಇಲ್ಲ, ನೀರು ಕುಡಿಯಲೇಬೇಕು. ಸ್ಪ್ರಿಂಗು ಅಮ್ಮನ ಕಣ್ಣೆದುರೇ ಲೋಟಗಟ್ಟಲೆ ನೀರು ಕುಡಿದಳು. ತೂಕ ಆದರೂ ಇಳಿಯಿತು. ಅಕ್ಕ ಇದೇನು ಪವಾಡವೆಂದು ತಲೆ ಕೆಡಿಸಿಕೊಂಡಳು. ಕುಡಿದ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದು ತಿಳಿದದ್ದು ಸ್ಪರ್ಧೆಯ ವಾರದಲ್ಲಿ. ಅಭ್ಯಾಸದ ನಡುವೆ ಹುಡುಗಿಯ ಎರಡೂ ಕಾಲಿನ ಮೀನಖಂಡ ಹಿಡಿದುಕೊಂಡು, ಎದೆ ಡವಡವ ತಪ್ಪಿ ಬಡಿದು, ಯಾರೂ ಮುಟ್ಟದೆಯೇ ಅವಳು ಚಾಪೆಗೆ ಬಿದ್ದಳು. ಬೀಳುವಾಗ ಕಾಲು ತಗುಲಿ ಅವಳ ಚೀಲ ಉರುಳಿತು. ಅದರಿಂದ ಹೊರಬಂದದ್ದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಎರಡು ಬಗೆಯ ಮಾತ್ರೆ. ಒಂದು ಮೂತ್ರ ಹೆಚ್ಚಿಸುವುದು, ಇನ್ನೊಂದು ಭೇದಿಯದು.

ಆಸ್ಪತ್ರೆಯ ಡಾಕ್ಟರಮ್ಮ ನಿದ್ದೆಗೆಟ್ಟ ಮುಖದವರು, ಮಾತು ಮುರಿದು ಮುರಿದು ಆಡುವವರು. ಹೃದಯದ ಗೆರೆಯ ಕಾಗದವನ್ನು ಬೆಳಕಿಗೆ ಹಿಡಿದು, "ಕೊಬ್ಬು ಕರಗಿಸಿದೀನಿ ಅಂತ ಹೇಳ್ತಿದಾಳೆ. ಎಂಥ ಕೊಬ್ಬು? ಹೋಗಿರೋದು ನೀರು. ಅದರ ಜೊತೆ ಲವಣ. ಹೃದಯ ತಾಳ ತಪ್ಪದೆ ಬಡೀಬೇಕಂದ್ರೆ ಪೊಟ್ಯಾಸಿಯಂ ಅಂತ ಒಂದು ಬೇಕು, ಇವಳಲ್ಲಿ ಅದು ತಳ ಕಂಡಿದೆ. ಕಿಡ್ನಿನೂ ಏದುಸಿರು ಬಿಡ್ತಿದೆ" ಎಂದರು. ಅಕ್ಕ ಆ ಕಾಗದದ ಅಂಚು ಹಿಡಿದುಕೊಂಡಳು. "ಉಳೀತಾಳಾ?"

"ಉಳೀತಾಳೆ. ಇನ್ನೊಂದಷ್ಟು ಮಾತ್ರೆ ನುಂಗಿ ಓಡಿದ್ದಿದ್ರೆ ಈ ಪ್ರಶ್ನೆ ಕೇಳೋಕೆ ನೀವು ಇಲ್ಲಿಗೆ ಬರ್ತಿರಲಿಲ್ಲ. ಈ ಸ್ಪರ್ಧೆ ಮರೆತುಬಿಡಿ. ನಾನು ಹೇಳೋ ತನಕ ಚಾಪೆ ಮುಟ್ಟೋ ಹಾಗಿಲ್ಲ."

ಯಜಮಾನರು ಬೆಂಚಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಂಗಡಿಯ ಕರಿ ಮುಖಕ್ಕೆಲ್ಲ ಮೆತ್ತಿತು, ಒರೆಸಿಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ.

ಸಂಜೆ ಸೀಟಿ ಮೇಷ್ಟ್ರು ಹಣ್ಣಿನ ಚೀಲದೊಂದಿಗೆ ಬಂದರು. ಕೆಟ್ಟ ಮನುಷ್ಯ ಅಲ್ಲ, ನಿಜಕ್ಕೂ ಬೆಚ್ಚಿದ್ದರು. ಆದರೆ ಮನುಷ್ಯನಿಗೆ ಒಂದು ಅಂಕಿ ತಲೆಗೆ ಏರಿತೆಂದರೆ ಇಳಿಯುವುದು ಕಷ್ಟ. ಮಂಚದ ಪಕ್ಕ ನಿಂತವರು ಹುಡುಗಿಯ ಮುಖ ನೋಡಿದರು, ತೂಗುಬಿಟ್ಟ ಡ್ರಿಪ್ ಬಾಟಲಿ ನೋಡಿದರು, ಮತ್ತೆ ಹುಡುಗಿಯನ್ನು, ಮತ್ತೆ ಬಾಟಲಿಯನ್ನು. ಕೊನೆಗೆ ನರ್ಸಮ್ಮನ ಕಿವಿಯ ಹತ್ತಿರ ಬಗ್ಗಿ, "ಸಿಸ್ಟರ್, ಇದು ಪೂರ್ತಿ ಒಳಗೆ ಹೋದ್ರೆ... ತೂಕ ಎಷ್ಟು ಏರಬಹುದು?" ಎಂದರು.

ಅಕ್ಕ ಎದ್ದಳು. ಮೇಷ್ಟ್ರ ಕೈಯಿಂದ ಚೀಲ ತೆಗೆದುಕೊಂಡಳು. "ಹಣ್ಣು ಇರಲಿ, ಅದರ ತಪ್ಪೇನಿಲ್ಲ. ನೀವು ಹೊರಡಿ" ಎಂದಳು.

ಮೇಷ್ಟ್ರು ಹೋದ ಮೇಲೆ ಸ್ಪ್ರಿಂಗು ಬಾಟಲಿಯ ಕಡೆ ಕತ್ತು ಹೊರಳಿಸಿದಳು. ಆಮೇಲೆ, "ಅಮ್ಮಾ, ಅವರು ಬಾಟಲೀನ ತೂಗಿದ್ರು ಅಲ್ವಾ?" ಎಂದಳು. ಅಕ್ಕ ಹೌದೆಂದಳು. "ನನ್ನನ್ನ ನೋಡ್ತಿದ್ದಾರೆ ಅಂದ್ಕೊಂಡಿದ್ದೆ" ಎಂದು ಹುಡುಗಿ ಗೋಡೆಯ ಕಡೆ ತಿರುಗಿದಳು. ಅಕ್ಕ ಒಂದು ಬಾಳೆಹಣ್ಣು ಸುಲಿದು ಬೆನ್ನ ಹಿಂದಿನಿಂದ ಕೈಗಿಟ್ಟಳು. ಆಮೇಲೆ ಅಗಿಯುವ ಸದ್ದು ಕೇಳಿಸಿತು.

ಆ ಸ್ಪರ್ಧೆ ಅವಳಿಲ್ಲದೆ ಕಳೆಯಿತು. ಡಾಕ್ಟರಮ್ಮ ರಕ್ತ ಪರೀಕ್ಷೆಗಳನ್ನೆಲ್ಲ ನೋಡಿ ಚಾಪೆಗೆ ಇಳಿಯಬಹುದೆಂದು ಒಪ್ಪುವ ಹೊತ್ತಿಗೆ ಇನ್ನೊಂದು, ಇದಕ್ಕಿಂತ ದೊಡ್ಡ ಸ್ಪರ್ಧೆಗೆ ಸಂಘ ತಂಡ ಆರಿಸುತ್ತಿತ್ತು. ಹುಡುಗಿ ಹಾಲಿಗೆ ಹೋದಳು. ಮೇಷ್ಟ್ರು ಸಂತೋಷದಿಂದ ಸೀಟಿ ಊದಿ, ಅವಳ ಹೆಸರನ್ನು ಮತ್ತೆ ಐವತ್ತಮೂರಕ್ಕೇ ಹಾಕಿದರು. "ಈ ಸಲ ನಿಧಾನಕ್ಕೆ ಇಳಿಸೋಣ. ಮಾತ್ರೆ ಬೇಡ. ಬರೀ ಪ್ಲಾಸ್ಟಿಕ್."

ತೂಕ ತೆಗೆಯುವ ದಿನ ಅಕ್ಕ ಕಾಟಾಕ್ಕೆ ರಜೆ ಹಾಕಿ ಬಂದಳು. ಸಂಘದ ಬಾಗಿಲಲ್ಲೇ ಮನುಷ್ಯರ ತೂಕದ ಯಂತ್ರ, ಅಂಕಿಗಳು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಕೆಂಪಗೆ ಮೂಡುವ ವ್ಯವಸ್ಥೆ. ಸೋಫಾ ಅಧ್ಯಕ್ಷರು ಸ್ವತಃ ಬಂದು ಕೂತಿದ್ದರು. ಹುಡುಗಿಯರ ಸಾಲು ನಿಂತಿತ್ತು. ಅಕ್ಕ ಸಾಲನ್ನು ದಾಟಿ ಹೋಗಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲನ್ನು ಎತ್ತಿ ಯಂತ್ರದ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟಳು.

"ಏನಮ್ಮಾ ಇದು?" ಎಂದರು ಅಧ್ಯಕ್ಷರು.

"ತಕರಾರು. ಬಗೆಹರಿಯೋ ತನಕ ಗಾಡಿ ಇಳಿಯಲ್ಲ."

ಗೋಡೆಯ ಮೇಲೆ ತೊಂಬತ್ತೆಂಟು ಎಂದು ಮೂಡಿತು. ಯಾರೋ ಕಿಸಕ್ಕೆಂದರು. ಆಕೆಗೆ ನಾಚಿಕೆಯಾಗಿ ಎದ್ದಾಳು ಎಂಬ ಆಸೆಯಲ್ಲಿ ಮೇಷ್ಟ್ರು ಆ ಅಂಕಿಯನ್ನೇ ನೋಡುತ್ತ ನಿಂತರು.

"ಸರಿಯಾಗಿ ಓದ್ಕೊಳ್ಳಿ ಮೇಷ್ಟ್ರೆ. ಕನ್ನಡಕ ಬೇಕಾದ್ರೆ ಹಾಕ್ಕೊಳ್ಳಿ. ಅದರಲ್ಲಿ ಸ್ಟೂಲಿಂದು ಎರಡು ಕಳೀರಿ, ಉಳಿದದ್ದೆಲ್ಲ ನಂದೇ. ಒಂದು ಹನಿ ನೀರೂ ಇಳಿಸಿಲ್ಲ."

"ಏನು ಬೇಕು ನಿಮಗೆ?"

"ನನ್ನ ಮಗಳು ಐವತ್ತೇಳು. ಐವತ್ತೇಳರಲ್ಲಿ ಆಡಿಸಿ."

"ಆ ಜಾಗ ತುಂಬಿದೆ" ಎಂದರು ಅಧ್ಯಕ್ಷರು.

"ಯಾರು ಯಾರನ್ನ ಸೋಲಿಸಿ ತುಂಬಿದ್ರು?"

ಆ ವಿಭಾಗದಲ್ಲಿ ಆಯ್ಕೆಯ ಪಂದ್ಯ ನಡೆದ ನೆನಪು ಯಾರಿಗೂ ಇಲ್ಲ. ಅಧ್ಯಕ್ಷರು ಶಿಸ್ತಿನ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದರು. ಸಂಸ್ಥೆಯ ಘನತೆ ಎಂದರು, ತ್ಯಾಗ ಎಂದರು, ಇಂದಿನ ತಾಯಂದಿರು ಎಂದರು. ಅಕ್ಕ ಚೀಲದಿಂದ ಫ್ಲಾಸ್ಕ್ ತೆಗೆದು ಟೀ ಬಗ್ಗಿಸಿಕೊಂಡಳು. ಹಿಂದೆ ಸಾಲು ಬೆಳೆಯಿತು, ಬಾಗಿಲಾಚೆ ಹೋಯಿತು. ಹಾರನ್ ಒಂದು ಕಡಿಮೆ.

ಮೇಷ್ಟ್ರು ಕೊನೆಯ ಅಸ್ತ್ರವಾಗಿ ಸ್ಪ್ರಿಂಗು ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮಾ ನಿಮ್ಮಮ್ಮನಿಗೆ. ಪದಕ ಬೇಡ್ವಾ ನಿನಗೆ?"

ಎಲ್ಲರೂ ಅವಳನ್ನೇ ನೋಡಿದರು. ಅಕ್ಕ ಮಾತ್ರ ನೋಡಲಿಲ್ಲ. ಆಕೆ ಸ್ಟೂಲಿನ ಮೇಲೆ ಸರಿದು ಸರಿದು ಕೂರುತ್ತಿದ್ದುದು ಗೋಡೆಯ ಮೇಲಿನ ಅಂಕಿಯಲ್ಲಿ ಕಾಣುತ್ತಿತ್ತು: ತೊಂಬತ್ತೆಂಟು, ತೊಂಬತ್ತೆಂಟೂವರೆ, ತೊಂಬತ್ತೆಂಟು.

"ಬೇಕು ಸಾರ್" ಎಂದಳು ಸ್ಪ್ರಿಂಗು. "ಐವತ್ತೇಳರದ್ದು. ನಾನು ಇಳಿಯಲ್ಲ."

ಆಗ ಸಾಲಿನ ನಡುವಿನಿಂದ ಅಧ್ಯಕ್ಷರ ತಮ್ಮನ ಮಗಳೇ ಹೊರಬಂದಳು. ಗಟ್ಟಿಮುಟ್ಟಾದ, ಮುಖ ಗಂಟಿಕ್ಕಿದ ಹುಡುಗಿ. "ಆಡಿಸಿ ದೊಡ್ಡಪ್ಪ. ನನಗೂ ಸಾಕಾಗಿದೆ, ಎಲ್ಲಿ ಹೋದ್ರೂ ಸೋಫಾ ಕೊಟ್ಟು ಬಂದವಳು ಅಂತಾರೆ. ಹೋದ ವರ್ಷ ನನಗೂ ಆ ಚೀಲ ಹಾಕ್ಸಿದ್ರು. ತಲೆ ತಿರುಗಿ ಬಚ್ಚಲಲ್ಲಿ ಬಿದ್ದಿದ್ದೆ, ನಿಮಗೆ ಹೇಳಿರ್ಲಿಲ್ಲ."

ಅಧ್ಯಕ್ಷರು ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಸೀಟಿ ನೋಡಿಕೊಂಡರು. ಅಷ್ಟು ದಿನ ಹುಡುಗಿಯರ ಬೆವರು ಇಳಿದ ಆ ಹಾಲಿನಲ್ಲಿ ಮೊದಲ ಸಲ ಅವರಿಬ್ಬರ ಹಣೆಯಲ್ಲಿ ಬೆವರು ಮೂಡಿತು. ನೀರಿಳಿಸುವುದಕ್ಕೆ ಪ್ಲಾಸ್ಟಿಕ್ಕೇ ಬೇಕೆಂದಿಲ್ಲ.

ಪಂದ್ಯ ಅದೇ ವಾರ ನಡೆಯಿತು. ಅಕ್ಕ ಹಾಲಿನ ಬಾಗಿಲಲ್ಲಿ ಕುಡಿಯುವ ನೀರಿನ ಡ್ರಮ್ ಇಡಿಸಿ, ಒಳಗೆ ಹೋಗುವ ಪ್ರತಿ ಹುಡುಗಿಯೂ ಕುಡಿದೇ ಹೋಗಬೇಕೆಂದು ಪಹರೆ ಕೂತಳು. ಟೈರ್ ಅಂಗಡಿಗೆ ಬೀಗ ಬಿತ್ತು. ಡ್ರೈವರುಗಳು ಲಾರಿಗಳನ್ನು ಬೀದಿಯುದ್ದಕ್ಕೂ ನಿಲ್ಲಿಸಿ ಒಳಗೆ ನುಗ್ಗಿದರು. ಮಗಳು ತಿಂದುಂಡು ಬಂದಿದ್ದಳು, ಕೆನ್ನೆಗೆ ಬಣ್ಣ ಬಂದಿತ್ತು. ಮೊದಲ ಸುತ್ತಿನಲ್ಲಿ ಆ ಗಂಟುಮುಖದ ಹುಡುಗಿಯನ್ನು ಸೊಂಟಕ್ಕೆ ಕೈಹಾಕಿ ಎತ್ತಿದಾಗ ಯಜಮಾನರು ಬೆಂಚಿನ ಮೇಲೆ ಹತ್ತಿ ನಿಂತು ಏನೇನೋ ಕೂಗಿದರು. ಅವರಲ್ಲಿ ಅಷ್ಟು ಗಾಳಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಗಂಟುಮುಖದವಳು ಮರಳಿ ಎತ್ತಿದಳು. ಅವಳೂ ಸುಮ್ಮನೆ ಬಂದವಳಲ್ಲ, ಪಟ್ಟು ಬಲ್ಲವಳು. ಸೀಟಿ ಊದಿದಾಗ ಸ್ಪ್ರಿಂಗು ಒಂದೇ ಒಂದು ಅಂಕದಲ್ಲಿ ಸೋತಿದ್ದಳು.

ಹುಡುಗಿಯರಿಬ್ಬರೂ ಚಾಪೆಯ ಮೇಲೆ ಅಂಗಾತ ಬಿದ್ದು ಏದುಸಿರು ಬಿಡುತ್ತಿದ್ದರು. "ಮುಂದಿನ ಸಲ ನಿನ್ನ ಬಿಡಲ್ಲ ನೋಡು" ಎಂದಳು ಸ್ಪ್ರಿಂಗು. "ಮುಂದಿನ ಸಲ ಕಾಲು ನೋಡ್ಕೊಂಡು ಇಡು" ಎಂದಳು ಇನ್ನೊಬ್ಬಳು. ಒಂದೇ ಬಾಟಲಿಯ ನೀರನ್ನು ಕಿತ್ತಾಡಿಕೊಂಡು ಕುಡಿದರು.

ಅಧ್ಯಕ್ಷರಿಗೆ ಜೀವ ಮರಳಿ ಬಂದಿತ್ತು. ಗೆದ್ದದ್ದು ತಮ್ಮ ಮನೆಯ ಹುಡುಗಿ, ಹಾಗಾಗಿ ನ್ಯಾಯವೆಂಬುದು ಲೋಕದಲ್ಲಿ ಇನ್ನೂ ಇದೆಯೆಂದು ಅವರಿಗೆ ಅನಿಸಿರಬೇಕು. ನಿಧಾನವಾಗಿ ಅಕ್ಕನ ಬಳಿ ಬಂದು, ಸಾಂತ್ವನದ ದನಿ ಮಾಡಿಕೊಂಡು ಕೇಳಿದರು: "ಅಲ್ಲಮ್ಮಾ, ಈಗ್ಲಾದ್ರೂ ಬೇಜಾರಾಗ್ತಿಲ್ವಾ? ಸುಮ್ನೆ ಆ ನಾಲ್ಕು ಕಿಲೋ ಬಿಟ್ಟುಕೊಟ್ಟಿದ್ರೆ, ಆ ದೊಡ್ಡ ಸ್ಪರ್ಧೆ ಮುಗಿಯೋ ಹೊತ್ತಿಗೆ ಮಗಳ ಕುತ್ತಿಗೇಲಿ ಪದಕ ಇರ್ತಿರಲಿಲ್ವಾ?"

ಅಕ್ಕ ಮಗಳ ಕಡೆ ನೋಡಿದಳು. ಹುಡುಗಿ ತಲೆ ಹಿಂದಕ್ಕೆಸೆದು ಗಟಗಟ ನೀರು ಕುಡಿಯುತ್ತಿದ್ದಳು.

"ಕುತ್ತಿಗೆ ಇದೆ" ಎಂದಳು. "ಪದಕ ಆಮೇಲೆ ನೋಡೋಣ."